ಒಂದು ಸುತ್ತಿಗೆ ಎಷ್ಟು ದೂರ? – ಸಣ್ಣ ದೋಣಿಗೆ ಪ್ರೊಪೆಲ್ಲರ್ ಆರಿಸುವ ಬಗೆ

ಬೆಂಗಳೂರಿನ ತಿಲಕ್ ನಗರದಂಥ ಬಡಾವಣೆಯಲ್ಲಿ ಕುಳಿತು ದೋಣಿಯ ಪ್ರೊಪೆಲ್ಲರ್ ಬಗ್ಗೆ ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಯಾವ ದಿಕ್ಕಿಗೆ ಹೊರಟರೂ ಸಮುದ್ರ ಇಲ್ಲಿಂದ ನೂರಾರು ಕಿಲೋಮೀಟರ್ ದೂರ. ಸಮುದ್ರಮಟ್ಟಕ್ಕಿಂತ ನಾವಿರುವುದು 900 ಮೀಟರಿಗೂ ಹೆಚ್ಚು ಎತ್ತರದಲ್ಲಿ. ಆದರೂ ಈ ವಿಷಯ ನಮಗೆ ಸಂಬಂಧಿಸಿದ್ದೇ. ತಿಲಕ್ ನಗರ, ಜಯನಗರದ ಪೂರ್ವ ಭಾಗ, ಬಿ.ಟಿ.ಎಂ. ಬಡಾವಣೆ, ಇಲ್ಲೆಲ್ಲ ಚಾವಣಿಯ ಮೇಲೆ ಬಿದ್ದ ಮಳೆನೀರು ರಾಜಕಾಲುವೆಗಳನ್ನು ಹಿಡಿದು ಕೊನೆಗೆ ಬೆಳ್ಳಂದೂರಿನ ಕಡೆಗೆ ಹರಿಯುತ್ತದೆ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಸುರಿದ ಮಳೆಗೆ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿ, ಜನರನ್ನು ಟ್ರ್ಯಾಕ್ಟರುಗಳಲ್ಲೂ ದೋಣಿಗಳಲ್ಲೂ ಸಾಗಿಸಬೇಕಾಯಿತು. 2024ರ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರದಲ್ಲಿಯೂ ದೋಣಿಗಳೇ ಬಂದವು. ಸಮುದ್ರವಿಲ್ಲದ ಊರಿಗೂ ದೋಣಿ ಬರುವ ಕಾಲವಿದು.

ಅಂಥ ದಿನಗಳಲ್ಲಿ ದೂರದರ್ಶನದ ಪರದೆಯ ಮೇಲೆ ನೀವು ಒಂದು ದೃಶ್ಯವನ್ನು ನೋಡಿರಬಹುದು. ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಆರೇಳು ಜನ ಕುಳಿತಿದ್ದಾರೆ. ಹಿಂದೆ ಎಂಜಿನ್ ಗುಡುಗುತ್ತಿದೆ, ದೋಣಿಯ ಮೂತಿ ಮೇಲೆದ್ದಿದೆ, ಹಿಂದೆ ನೊರೆ ಏಳುತ್ತಿದೆ. ಆದರೆ ದೋಣಿ ಮಾತ್ರ ಆಮೆಯ ಹಾಗೆ ತೆವಳುತ್ತಿದೆ. ನೋಡುವವರು ‘ಎಂಜಿನ್ ಸಣ್ಣದಾಯಿತು’ ಎನ್ನುತ್ತಾರೆ. ಕೆಲವೊಮ್ಮೆ ಅದು ನಿಜ. ಆದರೆ ಎಷ್ಟೋ ವೇಳೆ ಎಂಜಿನ್ ಸಾಕಷ್ಟು ದೊಡ್ಡದೇ ಇರುತ್ತದೆ; ಅದರ ತುದಿಯಲ್ಲಿರುವ ಫ್ಯಾನು ಆ ಹೊರೆಗೆ ತಕ್ಕದ್ದಲ್ಲ, ಅಷ್ಟೆ. ನಮ್ಮ ಕರಾವಳಿಯ ಮೀನುಗಾರರು ಪ್ರೊಪೆಲ್ಲರನ್ನು ಫ್ಯಾನು ಎಂದೇ ಕರೆಯುತ್ತಾರೆ. ನಾವೂ ಆ ಮಾತನ್ನೇ ಬಳಸೋಣ.

ದೋಣಿಯ ಹಿಂಭಾಗದ ಹಲಗೆಗೆ ಹೊರಗಿನಿಂದ ತಗುಲಿಹಾಕುವ ಎಂಜಿನ್ನಿಗೆ ಔಟ್‌ಬೋರ್ಡ್ ಎಂದು ಹೆಸರು. ಮಲ್ಪೆ, ಗಂಗೊಳ್ಳಿ, ಹೊನ್ನಾವರದ ಕಡೆ ಇದನ್ನು ಓಬಿಎಂ ಎನ್ನುವುದುಂಟು. ಅಮೆರಿಕದ ಮಿಲ್ವಾಕಿಯಲ್ಲಿ ನೆಲೆಸಿದ್ದ ನಾರ್ವೆ ಮೂಲದ ಓಲೆ ಎವಿನ್‌ರೂಡ್ 1909ರಲ್ಲಿ ಮಾರುಕಟ್ಟೆಗೆ ತಂದ ಒಂದೂವರೆ ಅಶ್ವಶಕ್ತಿಯ ಎಂಜಿನ್ನಿನಿಂದ ಇದು ಜನಪ್ರಿಯವಾಯಿತು. ಎಂಜಿನ್ ಮೇಲೆ, ಅದರಿಂದ ಕೆಳಗಿಳಿಯುವ ಉದ್ದನೆಯ ಕಾಲು, ಕಾಲಿನ ತುದಿಯಲ್ಲಿ ಗೇರು, ಗೇರಿಗೆ ಫ್ಯಾನು – ರಚನೆ ಇಷ್ಟೇ. ಇಲ್ಲಿ ಒಂದು ಮುಖ್ಯ ಸಂಗತಿಯಿದೆ. ಸಾಮಾನ್ಯ ಔಟ್‌ಬೋರ್ಡಿನಲ್ಲಿ ಮುಂದಕ್ಕೆ ಒಂದೇ ಗೇರು. ನಿಮ್ಮ ಮೋಟಾರ್ ಸೈಕಲ್ಲಿನಲ್ಲಿ ಇರುವಂತೆ ಮೊದಲನೆಯದು, ಎರಡನೆಯದು, ಮೂರನೆಯದು ಎಂಬುದಿಲ್ಲ. ದಿಬ್ಬ ಬಂದಾಗ ಗೇರು ಇಳಿಸುವ ಅವಕಾಶ ದೋಣಿ ನಡೆಸುವವನಿಗಿಲ್ಲ. ಅವನ ಗೇರನ್ನು ದಡದಲ್ಲಿಯೇ, ಫ್ಯಾನನ್ನು ಆರಿಸುವಾಗಲೇ, ನಿರ್ಧರಿಸಲಾಗಿರುತ್ತದೆ. ಆ ನಿರ್ಧಾರದ ಹೆಸರೇ ಪಿಚ್.

ಪಿಚ್ ಎಂದರೇನು? ತಿರುಪು ಮೊಳೆಯನ್ನು ಮರದ ಹಲಗೆಗೆ ಹಾಕುವುದನ್ನು ಕಲ್ಪಿಸಿಕೊಳ್ಳಿ. ತಿರುಪುಳಿಯನ್ನು ಒಂದು ಸುತ್ತು ತಿರುಗಿಸಿದರೆ ಮೊಳೆ ಇಂತಿಷ್ಟು ದೂರ ಒಳಗೆ ಹೋಗುತ್ತದೆ. ಫ್ಯಾನಿನ ರೆಕ್ಕೆಗಳೂ ತಿರುಪಿನ ತುಂಡುಗಳೇ. ನೀರು ಹಲಗೆಯಂತೆ ಗಟ್ಟಿಯಾಗಿದ್ದರೆ ಒಂದು ಸುತ್ತಿಗೆ ಫ್ಯಾನು ಎಷ್ಟು ದೂರ ಮುಂದಕ್ಕೆ ಹೋಗುತ್ತಿತ್ತೋ ಆ ದೂರವೇ ಅದರ ಪಿಚ್. ಫ್ಯಾನಿನ ನಡುವಿನ ಗುಂಬದ ಮೇಲೋ ರೆಕ್ಕೆಯ ಮೇಲೋ ಸಾಮಾನ್ಯವಾಗಿ ಎರಡು ಸಂಖ್ಯೆಗಳನ್ನು ಅಚ್ಚೊತ್ತಿರುತ್ತಾರೆ. ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಎರಡೂ ಇಂಚಿನಲ್ಲಿ. ಒಂಬತ್ತೂಕಾಲು ಗುಣಿಸು ಒಂಬತ್ತು ಎಂದಿದ್ದರೆ ಅಗಲ ಒಂಬತ್ತೂಕಾಲು ಇಂಚು, ಒಂದು ಸುತ್ತಿನ ನಡೆ ಒಂಬತ್ತು ಇಂಚು ಎಂದರ್ಥ.

ತಿರುಪಿನ ಬಗ್ಗೆ ಒಂದು ಹಳೆಯ ಪ್ರಸಂಗವಿದೆ. ಇಂಗ್ಲೆಂಡಿನ ಫ್ರಾನ್ಸಿಸ್ ಪೆಟಿಟ್ ಸ್ಮಿತ್ 1836ರಲ್ಲಿ ಹಡಗಿನ ತಿರುಪಿಗೆ ಪೇಟೆಂಟ್ ಪಡೆದವನು. ಅವನ ಪ್ರಯೋಗದ ದೋಣಿಯಲ್ಲಿ ಮೊದಲಿಗಿದ್ದದ್ದು ಎರಡು ಪೂರ್ಣ ಸುತ್ತುಗಳ ಮರದ ತಿರುಪು. ತಿರುಪು ಉದ್ದವಾದಷ್ಟೂ ನೀರನ್ನು ಚೆನ್ನಾಗಿ ಹಿಡಿಯುತ್ತದೆ ಎಂಬುದು ಎಣಿಕೆ. 1837ರಲ್ಲಿ ಕಾಲುವೆಯಲ್ಲಿ ಓಡಿಸುವಾಗ ಏನೋ ತಗುಲಿ ತಿರುಪಿನ ಅರ್ಧ ಮುರಿದುಹೋಯಿತು. ದೋಣಿ ನಿಲ್ಲುವ ಬದಲು ಇನ್ನೂ ವೇಗವಾಗಿ ಓಡತೊಡಗಿತು! ನೀರು ಹಲಗೆಯಲ್ಲ ಎಂಬುದನ್ನು ಆ ಅಪಘಾತ ತೋರಿಸಿಕೊಟ್ಟಿತು.

ನೀರು ಹಿಂದೆ ಸರಿಯುತ್ತದೆ. ಆದ್ದರಿಂದ ಒಂಬತ್ತು ಇಂಚಿನ ಫ್ಯಾನು ಒಂದು ಸುತ್ತಿಗೆ ಒಂಬತ್ತು ಇಂಚು ಮುಂದೆ ಹೋಗುವುದಿಲ್ಲ. ಏಳೋ, ಆರೋ, ಭಾರ ಹೆಚ್ಚಿದ್ದರೆ ಮೂರೋ ನಾಲ್ಕೋ ಇಂಚು ಹೋಗುತ್ತದೆ. ಈ ವ್ಯತ್ಯಾಸಕ್ಕೆ ಸ್ಲಿಪ್ ಎನ್ನುತ್ತಾರೆ. ಸ್ಲಿಪ್ ಎಂದರೆ ಬರೀ ನಷ್ಟ ಎಂದು ತಿಳಿಯಬೇಡಿ. ನೀರನ್ನು ಹಿಂದಕ್ಕೆ ತಳ್ಳಿದಾಗಲೇ ದೋಣಿ ಮುಂದಕ್ಕೆ ಹೋಗುವುದು. ಇದು ನ್ಯೂಟನ್ನನ ಮೂರನೆಯ ನಿಯಮ. ನೀರು ಸ್ವಲ್ಪವೂ ಹಿಂದೆ ಸರಿಯದಿದ್ದರೆ ತಳ್ಳುವ ಬಲವೂ ಇಲ್ಲ. ಸ್ಲಿಪ್ ಅತಿಯಾಗಬಾರದು, ಆದರೆ ಅದು ಸೊನ್ನೆಯಾಗುವುದೂ ಸಾಧ್ಯವಿಲ್ಲ.

ಲೆಕ್ಕ ಸುಲಭ. ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳನ್ನು ಗೇರಿನ ಅನುಪಾತದಿಂದ ಭಾಗಿಸಿದರೆ ಫ್ಯಾನಿನ ಸುತ್ತು ಸಿಗುತ್ತದೆ. ಅದನ್ನು ಇಂಚಿನಲ್ಲಿರುವ ಪಿಚ್ಚಿನಿಂದ ಗುಣಿಸಿ, ಮತ್ತೆ 0.001524ರಿಂದ ಗುಣಿಸಿದರೆ, ಸ್ಲಿಪ್ ಇಲ್ಲದಿದ್ದರೆ ದೋಣಿ ಹೋಗಬೇಕಾಗಿದ್ದ ವೇಗ ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ಬರುತ್ತದೆ. ಎಂಜಿನ್ 5500 ಸುತ್ತು, ಗೇರು 2.08, ಪಿಚ್ 9 ಇಂಚು ಎಂದುಕೊಳ್ಳಿ. ಫ್ಯಾನಿನ ಸುತ್ತು ಸುಮಾರು 2644. ವೇಗ ಗಂಟೆಗೆ ಸುಮಾರು 36 ಕಿಲೋಮೀಟರ್. ನೂರಕ್ಕೆ ಇಪ್ಪತ್ತು ಸ್ಲಿಪ್ ಕಳೆದರೆ 29. ಕಾಗದದ ಮೇಲೆ ಇದು ಚೆನ್ನಾಗಿದೆ. ‘ಹಾಗಾದರೆ ಪಿಚ್ಚನ್ನು ಹನ್ನೆರಡು ಇಂಚು ಮಾಡಿದರೆ ವೇಗ ಇನ್ನೂ ಹೆಚ್ಚುತ್ತದಲ್ಲವೇ?’ ಎಂದು ನೀವು ಕೇಳಬಹುದು. ಹೆಚ್ಚಿನವರು ಮುಗ್ಗರಿಸುವುದು ಇಲ್ಲಿಯೇ.

ಮೋಟಾರ್ ಸೈಕಲ್ಲಿನ ಉದಾಹರಣೆಗೆ ಬರೋಣ. ನಮ್ಮ ಬಡಾವಣೆಯ ಗ್ಯಾರೇಜುಗಳಲ್ಲಿ ಹಿಂದಿನ ಚಕ್ರದ ಸ್ಪ್ರಾಕೆಟ್ ಬದಲಿಸುವ ಯಾವ ಮೆಕ್ಯಾನಿಕ್ಕನ್ನಾದರೂ ಕೇಳಿ. ಹಲ್ಲು ಕಡಿಮೆ ಮಾಡಿದರೆ ಗಾಡಿ ಸಮತಟ್ಟು ರಸ್ತೆಯಲ್ಲಿ ಓಡುತ್ತದೆ, ಚಡಾವಿನಲ್ಲಿ ಕೆಮ್ಮುತ್ತದೆ. ಹಲ್ಲು ಹೆಚ್ಚಿಸಿದರೆ ಎಳೆಯುತ್ತದೆ, ಆದರೆ ಗರಿಷ್ಠ ವೇಗ ಇಳಿಯುತ್ತದೆ. ಪಿಚ್ಚಿನ ಕಥೆಯೂ ಇದೇ. ಹೆಚ್ಚು ಪಿಚ್ ಎಂದರೆ ಟಾಪ್ ಗೇರು, ಕಡಿಮೆ ಪಿಚ್ ಎಂದರೆ ಕೆಳಗಿನ ಗೇರು. ಹನ್ನೆರಡು ಇಂಚಿನ ಫ್ಯಾನನ್ನು 5500 ಸುತ್ತು ತಿರುಗಿಸುವ ಬಲ ಆ ಎಂಜಿನ್ನಿಗೆ ಇದ್ದರೆ ವೇಗ ಹೆಚ್ಚುತ್ತದೆ. ಇಲ್ಲದಿದ್ದರೆ ಎಂಜಿನ್ 4000ಕ್ಕೇ ದಣಿದು ನಿಲ್ಲುತ್ತದೆ. ಆಗ ದೋಣಿ ಮೊದಲಿಗಿಂತ ನಿಧಾನವಾಗುತ್ತದೆ. ಪೂರ್ತಿ ಥ್ರಾಟಲ್ ಕೊಟ್ಟೂ ಸುತ್ತು ಏರದ ಎಂಜಿನ್, ಮೂರನೆಯ ಗೇರಿನಲ್ಲಿ ಚಾರ್ಮಾಡಿ ಘಾಟಿ ಹತ್ತಿಸಿದ ಗಾಡಿಯಂತೆ. ಒಳಗೆ ಬಿಸಿ ಏರುತ್ತದೆ, ಮಸಿ ಕಟ್ಟುತ್ತದೆ, ಪಿಸ್ಟನ್ನು ಮತ್ತು ಬೇರಿಂಗುಗಳ ಆಯುಸ್ಸು ಕಡಿಮೆಯಾಗುತ್ತದೆ. ಪಿಚ್ ತೀರ ಕಡಿಮೆಯಾದರೂ ತೊಂದರೆಯೇ. ಎಂಜಿನ್ ತಡೆಯಿಲ್ಲದೆ ಮಿತಿಮೀರಿ ಸುತ್ತುತ್ತದೆ, ದೋಣಿಗೆ ವೇಗ ಬರುವುದಿಲ್ಲ.

ಹಾಗಾದರೆ ಸರಿಯಾದ ಪಿಚ್ ಯಾವುದು? ಇದಕ್ಕೆ ಉತ್ತರ ಅಂಗಡಿಯ ಪಟ್ಟಿಯಲ್ಲಿಲ್ಲ, ಎಂಜಿನ್ನಿನ ಜೊತೆ ಬಂದ ಪುಸ್ತಕದಲ್ಲಿದೆ. ಪೂರ್ತಿ ಥ್ರಾಟಲ್ಲಿನಲ್ಲಿ ಈ ಎಂಜಿನ್ ನಿಮಿಷಕ್ಕೆ ಇಷ್ಟರಿಂದ ಇಷ್ಟು ಸುತ್ತು ತಿರುಗಬೇಕು ಎಂದು ತಯಾರಕರು ಅದರಲ್ಲಿ ಬರೆದಿರುತ್ತಾರೆ. ಹತ್ತು ಅಶ್ವಶಕ್ತಿಯ ಆಸುಪಾಸಿನ ಎಷ್ಟೋ ನಾಲ್ಕು ಸ್ಟ್ರೋಕಿನ ಎಂಜಿನ್ನುಗಳಿಗೆ ಇದು 5000ದಿಂದ 6000. ನಿಮ್ಮ ದೋಣಿ, ನಿಮ್ಮ ಹೊರೆ, ನಿಮ್ಮ ನೀರಿನಲ್ಲಿ ಎಂಜಿನ್ ಆ ವ್ಯಾಪ್ತಿಯೊಳಗೆ, ಅದರ ಮೇಲಿನ ಅರ್ಧದ ಕಡೆಗೆ, ತಲುಪುವಂತೆ ಮಾಡುವ ಪಿಚ್ಚೇ ಸರಿಯಾದ ಪಿಚ್. ಬೇರೆ ಯಾವ ಸೂತ್ರವೂ ಇದಕ್ಕಿಂತ ದೊಡ್ಡದಲ್ಲ.

ಪರೀಕ್ಷೆ ಮಾಡುವ ಕ್ರಮವನ್ನು ಹೇಳುತ್ತೇನೆ. ಮೊದಲು ಎಂಜಿನ್ ಸರಿಯಾದ ಎತ್ತರದಲ್ಲಿ ಕುಳಿತಿದೆಯೇ ನೋಡಿ. ಫ್ಯಾನಿನ ಸ್ವಲ್ಪ ಮೇಲೆ, ಕಾಲಿಗೆ ಅಡ್ಡಲಾಗಿ ಒಂದು ಚಪ್ಪಟೆ ತಟ್ಟೆ ಇರುತ್ತದೆ. ಅದು ದೋಣಿಯ ತಳದ ಮಟ್ಟಕ್ಕೆ ಅಥವಾ ಒಂದು ಇಂಚಿನಷ್ಟು ಕೆಳಗೆ ಇರಬೇಕು. ಹದಿನೈದು ಇಂಚಿನ ಹಲಗೆಗೆ ಗಿಡ್ಡ ಕಾಲಿನ ಎಂಜಿನ್, ಇಪ್ಪತ್ತು ಇಂಚಿನ ಹಲಗೆಗೆ ಉದ್ದ ಕಾಲಿನದು. ಎಂಜಿನ್ ತೀರ ಮೇಲಿದ್ದರೆ ಫ್ಯಾನು ಮೇಲಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆಗ ಸುತ್ತು ದಿಢೀರನೆ ಏರುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಇದನ್ನು ಪಿಚ್ ಕಡಿಮೆಯಾಯಿತೆಂದು ತಪ್ಪಾಗಿ ತಿಳಿಯುವವರಿದ್ದಾರೆ. ರೆಕ್ಕೆಯ ಅಂಚು ಬಾಗಿದೆಯೇ, ದೋಣಿಯ ತಳದಲ್ಲಿ ಪಾಚಿ ಬೆಳೆದಿದೆಯೇ, ದೋಣಿಯೊಳಗೆ ನೀರು ನಿಂತಿದೆಯೇ, ರಬ್ಬರ್ ದೋಣಿಯಲ್ಲಿ ಗಾಳಿ ಸಾಕಷ್ಟಿದೆಯೇ ಎಂದೂ ನೋಡಿ. ಮೆತ್ತಗಾದ ದೋಣಿ ನಡುವೆ ಬಾಗುತ್ತದೆ. ಅಂಥದಕ್ಕೆ ಯಾವ ಫ್ಯಾನೂ ಸರಿಹೋಗುವುದಿಲ್ಲ.

ಇವೆಲ್ಲ ಸರಿಯಿದ್ದರೆ, ನೀವು ನಿಜವಾಗಿ ಒಯ್ಯುವ ಹೊರೆಯನ್ನು ದೋಣಿಯಲ್ಲಿ ತುಂಬಿ. ಪೂರ್ತಿ ಇಂಧನ, ಹಗ್ಗ, ಲಂಗರು, ಅಷ್ಟೂ ಜನ. ಎಲ್ಲರಿಗೂ ಜೀವರಕ್ಷಕ ಕವಚವಿರಲಿ. ಅನುಮತಿ ಇರುವ, ತೆರೆದ, ನಿಂತ ನೀರಿನಲ್ಲಿ ನೇರವಾಗಿ ಪೂರ್ತಿ ಥ್ರಾಟಲ್ ಕೊಟ್ಟು ಸುತ್ತನ್ನು ಓದಿ. ಗಾಳಿಗೆ ಎದುರಾಗಿ ಒಮ್ಮೆ, ಗಾಳಿಯ ಜೊತೆಗೆ ಒಮ್ಮೆ ಓಡಿಸಿ ಸರಾಸರಿ ತೆಗೆಯಿರಿ. ಸಣ್ಣ ಎಂಜಿನ್ನುಗಳಲ್ಲಿ ಸುತ್ತಿನ ಮೀಟರು ಇರುವುದಿಲ್ಲ. ಆದರೆ ಸ್ಪಾರ್ಕ್ ಪ್ಲಗ್ಗಿನ ತಂತಿಗೆ ಇನ್ನೊಂದು ತಂತಿ ಸುತ್ತಿದರೆ ಸುತ್ತನ್ನು ತೋರಿಸುವ ಪುಟ್ಟ ಮೀಟರುಗಳು ಸಿಗುತ್ತವೆ. ಅದನ್ನು ಎಂಜಿನ್ನಿನ ಬಗೆಗೆ ತಕ್ಕಂತೆ ಹೊಂದಿಸಬೇಕು, ಇಲ್ಲವಾದರೆ ಅರ್ಧವನ್ನೋ ಎರಡರಷ್ಟನ್ನೋ ತೋರಿಸೀತು. ವೇಗಕ್ಕೆ ಕೈಯಲ್ಲಿರುವ ಮೊಬೈಲ್ ಫೋನು ಸಾಕು.

ಸಿಕ್ಕ ಅಂಕಿಯನ್ನು ಪುಸ್ತಕದ ಅಂಕಿಯೊಂದಿಗೆ ಹೋಲಿಸಿ. ಪಿಚ್ಚಿನಲ್ಲಿ ಒಂದು ಇಂಚು ವ್ಯತ್ಯಾಸವಾದರೆ ಪೂರ್ತಿ ಥ್ರಾಟಲ್ಲಿನ ಸುತ್ತು 150ರಿಂದ 200ರವರೆಗೆ ಬದಲಾಗುತ್ತದೆ ಎಂಬುದು ರೂಢಿಯ ಲೆಕ್ಕ. ಸುತ್ತು ಕಡಿಮೆಯಾದರೆ ಪಿಚ್ ಇಳಿಸಿ, ಹೆಚ್ಚಾದರೆ ಏರಿಸಿ. ವ್ಯಾಸವನ್ನು ಬದಲಿಸಿದರೆ ಪರಿಣಾಮ ಇನ್ನೂ ದೊಡ್ಡದು: ಒಂದು ಇಂಚು ವ್ಯಾಸ ಎರಡು ಮೂರು ಇಂಚು ಪಿಚ್ಚಿಗೆ ಸಮ. ಭಾರದ, ನಿಧಾನದ ದೋಣಿಗೆ ದೊಡ್ಡ ವ್ಯಾಸ, ಕಡಿಮೆ ಪಿಚ್ ಒಳ್ಳೆಯದು. ಹೆಚ್ಚು ನೀರನ್ನು ನಿಧಾನವಾಗಿ ತಳ್ಳುವುದು, ಸ್ವಲ್ಪ ನೀರನ್ನು ರಭಸದಿಂದ ತಳ್ಳುವುದಕ್ಕಿಂತ ಮಿತವ್ಯಯದ ದಾರಿ. ನಾಲ್ಕು ರೆಕ್ಕೆಯ ಫ್ಯಾನು ಮೂರು ರೆಕ್ಕೆಯದಕ್ಕಿಂತ ನಿಧಾನ ವೇಗದಲ್ಲಿ ನೀರನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಎಂಜಿನ್ನಿನ ಸುತ್ತನ್ನು ಸ್ವಲ್ಪ ತಗ್ಗಿಸುತ್ತದೆ. ಅದನ್ನು ಆರಿಸಿದರೆ ಪಿಚ್ಚನ್ನು ಒಂದು ಇಂಚು ಕಡಿಮೆ ಮಾಡುವುದು ವಾಡಿಕೆ.

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಒಂದೇ ದೋಣಿ ಒಮ್ಮೆ ಇಬ್ಬರನ್ನು, ಇನ್ನೊಮ್ಮೆ ಆರು ಜನರನ್ನು ಒಯ್ಯಬೇಕಾದರೆ ಪಿಚ್ಚನ್ನು ಯಾರ ಲೆಕ್ಕಕ್ಕೆ ಆರಿಸಬೇಕು? ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಒಂಬತ್ತು ಇಂಚಿನ ಪಿಚ್ಚಿನಲ್ಲಿ, ಇಬ್ಬರಿದ್ದಾಗ ಎಂಜಿನ್ 5700 ಸುತ್ತು ಮುಟ್ಟಿ ದೋಣಿ ಗಂಟೆಗೆ 28 ಕಿಲೋಮೀಟರಿನಲ್ಲಿ ನೀರಿನ ಮೇಲೆ ಸರಾಗವಾಗಿ ತೇಲುತ್ತಾ ಓಡುತ್ತದೆ ಎನ್ನೋಣ. ಆರು ಜನ ಕುಳಿತಾಗ ಸುತ್ತು 4750ಕ್ಕೆ ಇಳಿದು, ಮೂತಿ ಮೇಲೆತ್ತಿ, ತನ್ನದೇ ಅಲೆಯ ಬೆನ್ನು ಹತ್ತಲಾರದೆ 12 ಕಿಲೋಮೀಟರಿನಲ್ಲಿ ತೆವಳುತ್ತದೆ. ಏಳು ಇಂಚಿನ ಫ್ಯಾನು ಹಾಕಿದರೆ ಸುತ್ತು ಸುಮಾರು 400ರಷ್ಟು ಏರಿ 5150 ಆಗುತ್ತದೆ. ವ್ಯಾಪ್ತಿಯ ಮೇಲಿನ ಅರ್ಧವಲ್ಲ, ನಿಜ. ಆದರೆ ಎಂಜಿನ್ ತನ್ನ ವ್ಯಾಪ್ತಿಯೊಳಗೆ ಬಂತು, ಅದರ ಶಕ್ತಿ ಬಿಡುಗಡೆಯಾಯಿತು. ವೇಗ 13 ಆಯಿತೆನ್ನಿ.

‘ಒಂದು ಕಿಲೋಮೀಟರಿಗಾಗಿ ಇಷ್ಟು ಪಾಡೇ?’ ಎನ್ನಬೇಡಿ. ಪ್ರವಾಹದಲ್ಲಿ ನೀರು ಸುಮ್ಮನೆ ನಿಂತಿರುವುದಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳನ್ನು ಸುತ್ತುವರಿದದ್ದನ್ನು ನೆನಪಿಸಿಕೊಳ್ಳಿ. ಸೆಕೆಂಡಿಗೆ ಎರಡು ಮೀಟರಿನ ಸೆಳವು ಎಂದರೆ ಗಂಟೆಗೆ 7.2 ಕಿಲೋಮೀಟರ್. ಅದರ ವಿರುದ್ಧ ಮೊದಲನೆಯ ದೋಣಿ ನೆಲದ ಲೆಕ್ಕದಲ್ಲಿ ಸಾಗುವುದು 4.8 ಕಿಲೋಮೀಟರ್, ಎರಡನೆಯದು 5.8. ನಿಂತ ನೀರಿನಲ್ಲಿ ನೂರಕ್ಕೆ ಎಂಟರಷ್ಟಿದ್ದ ಲಾಭ ಸೆಳವಿನಲ್ಲಿ ನೂರಕ್ಕೆ ಇಪ್ಪತ್ತಾಯಿತು. ಸೆಳವು ಇನ್ನೂ ಜೋರಾದಷ್ಟೂ ಈ ಅಂತರ ಹಿಗ್ಗುತ್ತದೆ. ಒಂದು ಹಂತದಲ್ಲಿ ಒಂದು ದೋಣಿ ನಿಂತಲ್ಲೇ ನಿಲ್ಲುತ್ತದೆ, ಇನ್ನೊಂದು ದಡ ಮುಟ್ಟುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಏಳು ಇಂಚಿನ ಫ್ಯಾನಿನೊಂದಿಗೆ ಇಬ್ಬರೇ ಹೊರಟಾಗ ಎಂಜಿನ್ 6100ರವರೆಗೆ ಏರಿ ಮಿತಿ ದಾಟುತ್ತದೆ. ಆದರೆ ಗಮನಿಸಿ. ಸುತ್ತು ಹೆಚ್ಚಾದರೆ ನಡೆಸುವವನು ಕೈಯನ್ನು ಸ್ವಲ್ಪ ಸಡಿಲಿಸಬಹುದು, ಅಲ್ಲಿಗೆ ಮುಗಿಯಿತು. ಸುತ್ತು ಸಾಲದಿದ್ದರೆ ಅವನು ಏನು ಮಾಡಬಹುದು? ಥ್ರಾಟಲ್ ಆಗಲೇ ಪೂರ್ತಿ ತೆರೆದಿದೆ, ಇನ್ನು ತೆರೆಯಲು ಉಳಿದಿಲ್ಲ. ಕಡಿಮೆ ಪಿಚ್ಚಿನ ತಪ್ಪನ್ನು ಕೈಯಲ್ಲಿ ತಿದ್ದಬಹುದು, ಹೆಚ್ಚು ಪಿಚ್ಚಿನ ತಪ್ಪನ್ನು ನಡುನೀರಿನಲ್ಲಿ ತಿದ್ದಲಾಗದು. ಆದ್ದರಿಂದ ಜನರನ್ನು ಕಾಯುವ ದೋಣಿಗೆ ತುಂಬಿದ ಹೊರೆಯ ಲೆಕ್ಕದಲ್ಲಿಯೇ ಪಿಚ್ ಆರಿಸಬೇಕು. ಖಾಲಿ ದೋಣಿಯನ್ನು ಓಡಿಸಿ ನೋಡಿ, ಭಲೇ ವೇಗ ಎಂದು ಮೆಚ್ಚಿ ಫ್ಯಾನನ್ನು ಒಪ್ಪಿಕೊಳ್ಳುವುದು ಸಲ್ಲದು.

ಕರಾವಳಿಯ ನಾಡದೋಣಿಯವರಿಗೆ ಇದು ಹೊಸ ಪಾಠವೇನಲ್ಲ. ನದಿ ಸಮುದ್ರಕ್ಕೆ ಸೇರುವ ಅಳಿವೆಯ ಬಾಯಲ್ಲಿ ಅಲೆ ಒಡೆಯುತ್ತಿರುತ್ತದೆ. ಎರಡು ಅಲೆಗಳ ನಡುವಿನ ಬಿಡುವಿನಲ್ಲಿ ದೋಣಿ ದಾಟಬೇಕು. ಆಗ ಬೇಕಾಗುವುದು ಗರಿಷ್ಠ ವೇಗವಲ್ಲ, ಕೇಳಿದ ಕೂಡಲೇ ಸಿಗುವ ತಳ್ಳು. ಹೋಗುವಾಗ ಖಾಲಿ, ಬರುವಾಗ ಬಲೆಯೂ ಮೀನೂ ತುಂಬಿದ ಭಾರ. ಬರುವ ಹೊತ್ತಿನ ಭಾರಕ್ಕೆ ಹೊಂದದ ಫ್ಯಾನು ಅಳಿವೆಯಲ್ಲಿ ದೋಣಿಯನ್ನು ಅಲೆಗೆ ಅಡ್ಡ ಬೀಳಿಸಬಹುದು.

ಇನ್ನು ನಮ್ಮ ರಾಜ್ಯಕ್ಕೆ ವಿಶೇಷವಾಗಿ ಅನ್ವಯಿಸುವ ಒಂದು ಅಂಶವಿದೆ. ಅದು ಎತ್ತರ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಎಂಜಿನ್ ಉರಿಸುವುದು ಪೆಟ್ರೋಲನ್ನಷ್ಟೇ ಅಲ್ಲ, ಗಾಳಿಯನ್ನೂ ಸಹ. ಪ್ರತಿ 300 ಮೀಟರಿಗೆ ನೂರಕ್ಕೆ ಸುಮಾರು ಮೂರರಷ್ಟು ಶಕ್ತಿ ಕಡಿಮೆಯಾಗುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಬೆಂಗಳೂರಿನಲ್ಲಿ ಈ ನಷ್ಟ ಸುಮಾರು ಒಂಬತ್ತು. ಪತ್ರಿಕೆಗಳಲ್ಲಿ ಮಳೆಗಾಲದ ದಿನಗಳಲ್ಲಿ ಬರುವ ಜಲಾಶಯಗಳ ಪಟ್ಟಿಯನ್ನು ಈ ಕಣ್ಣಿನಿಂದ ಓದಿ ನೋಡಿ. ಅಲ್ಲಿ ಕೊಡುವ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ ಅಳೆದದ್ದಾದರೆ ಅದೇ ನಿಮ್ಮ ದೋಣಿಯ ಎತ್ತರ. ತುಂಗಭದ್ರಾ 1633 ಅಡಿ, ಲಿಂಗನಮಕ್ಕಿ 1819 ಅಡಿ, ಕಬಿನಿ 2284 ಅಡಿ, ಹಾರಂಗಿ 2859 ಅಡಿ, ಹೇಮಾವತಿ 2922 ಅಡಿ. ತುಂಗಭದ್ರೆಯಲ್ಲಿ ನಷ್ಟ ನೂರಕ್ಕೆ ಐದು, ಹೇಮಾವತಿಯಲ್ಲಿ ಒಂಬತ್ತು.

ಇದರಿಂದ ಸುತ್ತು ಎಷ್ಟು ಇಳಿಯುತ್ತದೆ? ಫ್ಯಾನನ್ನು ತಿರುಗಿಸಲು ಬೇಕಾಗುವ ತಿರುಚು ಬಲ ಸುತ್ತಿನ ವರ್ಗದಂತೆ ಏರುತ್ತದೆ, ಅಂದರೆ ಸುತ್ತು ಎರಡರಷ್ಟಾದರೆ ಬಲ ನಾಲ್ಕರಷ್ಟು ಬೇಕು. ಇದನ್ನೇ ಹಿಂದಿನಿಂದ ಓದಿದರೆ, ಎಂಜಿನ್ನಿನ ಬಲ ನೂರಕ್ಕೆ ಒಂಬತ್ತು ಇಳಿದಾಗ ಸುತ್ತು ನೂರಕ್ಕೆ ನಾಲ್ಕೂವರೆ ಇಳಿಯುತ್ತದೆ. ಮಲ್ಪೆಯಲ್ಲಿ 5500 ಸುತ್ತುತ್ತಿದ್ದ ಎಂಜಿನ್ ಬೆಂಗಳೂರಿನ ಕೆರೆಯಲ್ಲಿ ಸುಮಾರು 5250. ಕೊರತೆ 250 ಸುತ್ತು. ಅಂದರೆ ಒಂದು ಇಂಚಿಗೂ ಸ್ವಲ್ಪ ಹೆಚ್ಚು ಪಿಚ್. ಕರಾವಳಿಯಲ್ಲಿ ಸರಿಹೊಂದಿಸಿದ ದೋಣಿಯನ್ನು ಲಾರಿಗೆ ಹೇರಿ ಶಿರಾಡಿ ಘಾಟಿ ಹತ್ತಿಸಿ ತಂದರೆ, ಬೇರೇನೂ ಬದಲಾಗದೆ, ಅದರ ಫ್ಯಾನು ಒಂದು ಇಂಚು ಹೆಚ್ಚಾದಂತೆ ಆಗುತ್ತದೆ. ಪಿಚ್ ಇಳಿಸಿದರೆ ಕಳೆದುಹೋದ ಗಾಳಿ ಮರಳಿ ಬರುವುದಿಲ್ಲ ನಿಜ. ಆದರೆ ಉಳಿದ ಶಕ್ತಿಯನ್ನು ಎಂಜಿನ್ ಪೂರ್ತಿಯಾಗಿ ಕೊಡುವಂತಾಗುತ್ತದೆ. ಕಾರ್ಬ್ಯುರೇಟರ್ ಇರುವ ಹಳೆಯ ಎಂಜಿನ್ನುಗಳಲ್ಲಿ ಎತ್ತರದಲ್ಲಿ ಪೆಟ್ರೋಲಿನ ಪ್ರಮಾಣ ಹೆಚ್ಚಾಗಿ ಹೊಗೆ ಬರುವುದೂ ಉಂಟು. ಅದಕ್ಕೆ ಜೆಟ್ ಬದಲಿಸಬೇಕು, ಫ್ಯಾನಲ್ಲ.

ಬೀದಿಯ ನೆರೆಗೆ ಸಂಬಂಧಿಸಿದ ಒಂದೆರಡು ಮಾತು. ಎಂಜಿನ್ ಇಳಿಸಬೇಕಾದರೆ ಕನಿಷ್ಠ ಎರಡು ಮೂರು ಅಡಿ ಅಡೆತಡೆಯಿಲ್ಲದ ನೀರು ಬೇಕು. ಕೆಸರು ನೀರಿನಡಿಯಲ್ಲಿ ನಿಲ್ಲಿಸಿದ ಸ್ಕೂಟರು, ಚರಂಡಿಯ ಕಲ್ಲುಚಪ್ಪಡಿ, ತಂತಿ, ಸೀರೆ, ಪ್ಲಾಸ್ಟಿಕ್ ಏನೆಲ್ಲ ಇದೆಯೋ ಕಾಣಿಸದು. ಓಣಿಯಲ್ಲಿ ಎಂಜಿನ್ನನ್ನು ಮೇಲಕ್ಕೆ ಮಡಚಿ ಹುಟ್ಟಿನಿಂದಲೋ ಹಗ್ಗದಿಂದಲೋ ಸಾಗುವುದೇ ಜಾಣತನ. ಅಂಥ ಕಡೆ ಅಲ್ಯೂಮಿನಿಯಂ ಫ್ಯಾನು ಉಕ್ಕಿನದಕ್ಕಿಂತ ಮೇಲು. ಪೆಟ್ಟು ಬಿದ್ದಾಗ ತಾನು ಬಾಗಿ ಒಳಗಿನ ಗೇರುಗಳನ್ನು ಉಳಿಸುತ್ತದೆ, ಬೆಲೆಯೂ ಕಡಿಮೆ. ಬದಲಿ ಫ್ಯಾನು, ಅದರ ನಟ್ಟು, ನಟ್ಟನ್ನು ಹಿಡಿದಿಡುವ ಪಿನ್ನು, ಹೊಂದುವ ಸ್ಪ್ಯಾನರು – ಇವು ದೋಣಿಯಲ್ಲಿಯೇ ಇರಬೇಕು, ಉಗ್ರಾಣದಲ್ಲಿ ಅಲ್ಲ. ಬದಲಿ ಫ್ಯಾನು ಮೊದಲಿನದಕ್ಕಿಂತ ಒಂದೆರಡು ಇಂಚು ಕಡಿಮೆ ಪಿಚ್ಚಿನದಾಗಿದ್ದರೆ, ಒಂದು ಕೆಲಸಕ್ಕೆ ಎರಡು ಉಪಯೋಗ.

ಕೊನೆಯದಾಗಿ, ಫ್ಯಾನು ಎಂಬುದು ಸುತ್ತುವ ಕತ್ತಿ. ನೀರಿನಿಂದ ಜನರನ್ನು ಮೇಲೆತ್ತಿಕೊಳ್ಳುವಾಗ ಎಂಜಿನ್ನನ್ನು ನ್ಯೂಟ್ರಲ್ಲಿಗೆ ತಂದರೆ ಸಾಲದು, ಆರಿಸಬೇಕು. ನಡೆಸುವವನು ನೀರಿಗೆ ಬಿದ್ದರೆ ಎಂಜಿನ್ ತಾನಾಗಿ ನಿಲ್ಲುವಂತೆ ಮಾಡುವ ದಾರವನ್ನು ಅವನ ಮೈಗೋ ಮಣಿಕಟ್ಟಿಗೋ ಕಟ್ಟಿರಬೇಕು. ಫ್ಯಾನಿನ ಸುತ್ತ ಪಂಜರ ಹಾಕಿದರೆ ತಳ್ಳುವ ಬಲ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಜನ ಇಳಿದಿರುವ ನೀರಿನಲ್ಲಿ ಅದು ಕೊಡಬೇಕಾದ ಬೆಲೆ. ಪಂಜರ ಹಾಕಿದ ಮೇಲೆ ಸುತ್ತನ್ನು ಮತ್ತೊಮ್ಮೆ ಓದಿ ಪಿಚ್ಚನ್ನು ಹೊಂದಿಸಿಕೊಳ್ಳಿ.

ನಿಮ್ಮಲ್ಲಿ ಹೆಚ್ಚಿನವರು ದೋಣಿ ಕೊಳ್ಳುವವರಲ್ಲ. ಆದರೆ ನಿಮ್ಮ ಬಡಾವಣೆಯ ಸಂಘ, ನಿಮ್ಮ ಪಂಚಾಯಿತಿ, ನಿಮ್ಮ ಕಾಲೇಜಿನ ಸ್ವಯಂಸೇವಕರ ತಂಡ ಒಂದು ದೋಣಿ ಇಟ್ಟುಕೊಳ್ಳಬಹುದು, ಅಥವಾ ಮಳೆಗಾಲಕ್ಕೆ ಮುಂಚೆ ಯಾರಾದರೂ ದೋಣಿಯನ್ನು ತಂದು ತೋರಿಸಬಹುದು. ಆಗ ಎಂಜಿನ್ ಎಷ್ಟು ಅಶ್ವಶಕ್ತಿಯದು ಎಂದು ಎಲ್ಲರೂ ಕೇಳುತ್ತಾರೆ. ನೀವು ಇನ್ನೂ ಎರಡು ಪ್ರಶ್ನೆ ಕೇಳಿ: ತುಂಬಿದ ಹೊರೆಯಲ್ಲಿ ಇದು ಎಷ್ಟು ಸುತ್ತು ತಿರುಗುತ್ತದೆ? ಅದನ್ನು ಅಳೆದದ್ದು ಯಾವ ಊರಿನ ನೀರಿನಲ್ಲಿ? ಉತ್ತರ ಸಿದ್ಧವಿದ್ದರೆ ಆ ದೋಣಿಯನ್ನು ನಂಬಿ ಹತ್ತಬಹುದು. ಇಲ್ಲದಿದ್ದರೆ ಅದನ್ನು ಅಳೆಯಲು ಬಿಸಿಲಿನ ಒಂದು ಮಧ್ಯಾಹ್ನ ಸಾಕು. ಮಳೆ ಬಂದ ರಾತ್ರಿ ಅದಕ್ಕೆ ಪುರುಸೊತ್ತು ಇರುವುದಿಲ್ಲ.